ಬಿಲ್ ಇವಾನ್ಸ್ ತರ ನುಡಿಸಬೇಕಾದರೆ ಮೊದಲು ಬೇಸ್ ಕೇಳಿ

ಜಾಝ್ ಪಿಯಾನೋ ವಾದಕ ಬಿಲ್ ಇವಾನ್ಸ್ ಅವರ ಎಡಗೈ ಕಾರ್ಡ್‌ಗಳನ್ನು (ಒಟ್ಟಿಗೆ ಒತ್ತುವ ಸ್ವರಗಳ ಗುಂಪು) ಮಂಗಳೂರಲ್ಲೇ ಕೂತು ಬಾಯಿಪಾಠ ಮಾಡಿದರೆ ಸಾಕಾ, ಇಲ್ಲ ಬೆಂಗಳೂರಿಗೆ ಹೋಗಿ ಕಲಿಯಬೇಕಾ ಅಂತ ಕೇಳಿದ್ದೀರಿ. ಎರಡೂ ಬೇಡ. ಬಾಯಿಪಾಠ ಮಾಡಿಯೇ ನಾನು ಒಂದು ಒಳ್ಳೆಯ ಕೆಲಸ ಕಳೆದುಕೊಂಡೆ.

ನಾನು ಚರ್ಚ್ ಕ್ವಾಯರ್‌ನಲ್ಲಿ ಕೀಬೋರ್ಡ್ ನುಡಿಸುತ್ತಾ ಬೆಳೆದವನು. 1959ರ 'ಕೈಂಡ್ ಆಫ್ ಬ್ಲೂ' ಎಂಬ ಜಾಝ್ ಆಲ್ಬಮ್‌ನಲ್ಲಿ ಇವಾನ್ಸ್ ಅವರನ್ನು ಕೇಳಿದ ಮೇಲೆ ನನ್ನ ಕಾರ್ಡ್‌ಗಳೆಲ್ಲ ತೀರಾ ಒರಟು ಅನಿಸತೊಡಗಿತು. ಅವರ ಎಡಗೈ ಮೂಲಸ್ವರವನ್ನೇ, ಅಂದರೆ ಕಾರ್ಡ್‌ಗೆ ಹೆಸರು ಕೊಡುವ ಸ್ವರವನ್ನೇ, ಬಿಟ್ಟುಬಿಡುತ್ತದೆ. ಡಿ ಮೈನರ್ ಸೆವೆನ್ ಅಂದರೆ ಡಿ, ಎಫ್, ಎ, ಸಿ ಅಲ್ವಾ? ಅವರು ಡಿ ಬಿಟ್ಟು ಎಫ್, ಎ, ಸಿ, ಇ ಹಿಡಿಯುತ್ತಾರೆ. ನಾನೂ ಎಲ್ಲ ಶ್ರುತಿಗಳಲ್ಲಿ ಅದನ್ನೇ ಕಲಿತೆ.

ಆಮೇಲೆ ಒಂದು ಹೋಟೆಲಿನಲ್ಲಿ ಶನಿವಾರ ಸಂಜೆ ನುಡಿಸುವ ಕೆಲಸ ಸಿಕ್ಕಿತು. ನಾನು ಮತ್ತು ಒಬ್ಬ ಹಾಡುಗಾರ್ತಿ, ಇಬ್ಬರೇ. ಅಲ್ಲೇ ಎಡವಟ್ಟಾದದ್ದು. ಇವಾನ್ಸ್ ಡಿ ಬಿಟ್ಟರೂ ಅದು ಕೇಳುತ್ತದೆ, ಯಾಕಂದ್ರೆ ಪಕ್ಕದಲ್ಲಿ ಕೆಳಗಿನ ಸ್ವರ ನುಡಿಸುವ ತಂತಿವಾದ್ಯ ಬೇಸ್ ಇದೆ: ಆ ಆಲ್ಬಮ್‌ನಲ್ಲಿ ಅದನ್ನು ನುಡಿಸಿದ್ದು ಪಾಲ್ ಚೇಂಬರ್ಸ್, ಆಮೇಲೆ ಇವಾನ್ಸ್ ಅವರ ಟ್ರಿಯೋದಲ್ಲಿ (ಮೂವರ ತಂಡ) ಸ್ಕಾಟ್ ಲಫಾರೋ. ನನ್ನ ಪಕ್ಕದಲ್ಲಿ ಯಾರಿದ್ದರು? ಎಫ್, ಎ, ಸಿ, ಇ ಒಂಟಿಯಾಗಿ ನುಡಿಸಿದರೆ ಕಿವಿಗೆ ಅದು ಎಫ್ ಮೇಜರ್ ಸೆವೆನ್, ಡಿ ಮೈನರ್ ಅಲ್ಲವೇ ಅಲ್ಲ. ಪಾಪ, ಆ ಹಾಡುಗಾರ್ತಿ ಶ್ರುತಿಪೆಟ್ಟಿಗೆ ಇಲ್ಲದ ಭಾಗವತರ ಹಾಗೆ ಹಾಡಬೇಕಾಯಿತು. ಹಾಡು ಎಲ್ಲಿ ಎತ್ತಬೇಕೆಂದು ತಿಳಿಯದೆ ಎರಡು ಸಲ ನಿಂತರು. ಮುಂದಿನ ವಾರ ಹೋಟೆಲಿನವರು ನನಗೆ ಫೋನ್ ಮಾಡಲಿಲ್ಲ.

1961ರ ಜೂನ್ 25ರಂದು ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಎಂಬ ಜಾಝ್ ಕ್ಲಬ್‌ನಲ್ಲಿ ಆದ ಆ ಟ್ರಿಯೋದ ಧ್ವನಿಮುದ್ರಣ ಕೇಳಿ ಮಾರಾಯ್ರೇ. ಪಿಯಾನೋ ಬಿಡಿ, ಲಫಾರೋ ಏನು ಮಾಡುತ್ತಾರೆ ಅದನ್ನು ಹಿಡಿಯಿರಿ. ಸುಮ್ನೆ ಹಿಂದೆ ನಿಂತು ತಾಳ ಕೊಡುವುದಲ್ಲ, ಪಿಯಾನೋ ಜೊತೆ ಮಾತಾಡುತ್ತಾರೆ. ಇದಾಗಿ ಹನ್ನೊಂದೇ ದಿನಕ್ಕೆ ಅವರು ಕಾರು ಅಪಘಾತದಲ್ಲಿ ತೀರಿಕೊಂಡರು, ವಯಸ್ಸು 25. ಅದು ನೆನಪಾದರೆ ನನಗೆ ಈಗಲೂ ಸಂಕಟವಾಗುತ್ತದೆ.

ಒಬ್ಬರೇ ನುಡಿಸುವುದಾದರೆ ಇವಾನ್ಸ್ ಒಬ್ಬರೇ ನುಡಿಸಿದ 1958ರ 'ಪೀಸ್ ಪೀಸ್' ಹಿಡಿಯಿರಿ. ಅಲ್ಲಿ ಬೇಸ್ ಇಲ್ಲ, ಹಾಗಾಗಿ ಇವಾನ್ಸ್ ತಾವೇ ಕೆಳಗೆ ಸಿ, ಜಿ ಇಡುತ್ತಾರೆ. ಎಡಗೈಗೆ ಎರಡೇ ಕಾರ್ಡ್. ಅದು ಕೂತ ಮೇಲೆ ನಿಮ್ಮ ಪರಿಚಯದ ಯಾವುದಾದರೂ ಕ್ವಾಯರಿನ ಬೇಸ್ ಗಿಟಾರ್ ಹುಡುಗನನ್ನು ಮನೆಗೆ ಕರೆಯಿರಿ. ಜಾಝ್ ಗೊತ್ತಿಲ್ಲದಿದ್ದರೂ ತೊಂದರೆಯಿಲ್ಲ, ಅವನು ಡಿ ನುಡಿಸಲಿ, ನೀವು ಎಫ್, ಎ, ಸಿ, ಇ ಹಿಡಿಯಿರಿ. ಬೆಂಗಳೂರಿನ ಬಸ್ ಟಿಕೆಟ್ ಅದಾದ ಮೇಲೆ ನೋಡಿದರಾಯಿತು.