ಪಟ್ಟೆ ಮಾಸಿದ ಮೀನು ಯಾವ ಜಾತಿಯದು?

ಪ್ರಶ್ನೆ: ನಮ್ಮ ಅಕ್ವೇರಿಯಂನಲ್ಲಿ ನಿಯಾನ್ ಟೆಟ್ರಾಗಳ ಜೊತೆಗೆ, ಅಂಗಡಿಯವರು ‘ಬಾರ್ಬ್’ ಎಂದಷ್ಟೇ ಹೇಳಿ ಕೊಟ್ಟ ಕೆಲವು ಬೆಳ್ಳಿ ಬಣ್ಣದ ಮರಿಗಳಿವೆ. ಅವುಗಳ ಮೈಮೇಲಿದ್ದ ಮೂರು ಕಪ್ಪು ಪಟ್ಟೆಗಳು ಮಾಸುತ್ತಿದ್ದು, ಬಾಲದ ಬಳಿ ಒಂದು ಮಚ್ಚೆ ಮಾತ್ರ ಉಳಿಯುತ್ತಿದೆ. ಇದು ರೋಗವೇ? ಪಾಚಿ ತಿನ್ನಲೆಂದು ತಂದ ಕಂದು ಮೀನೊಂದು ಬೇರೆ ಮೀನುಗಳ ಮೈಗೆ ಅಂಟಿಕೊಳ್ಳುತ್ತಿದೆ. ಅದು ಯಾವುದು?
— ಓದುಗರೊಬ್ಬರು, ಕುವೆಂಪುನಗರ, ಮೈಸೂರು

ಉತ್ತರ: ನೀವು ವಿವರಿಸಿರುವ ಮರಿಗಳು ಬಹುಮಟ್ಟಿಗೆ ಫಿಲಮೆಂಟ್ ಬಾರ್ಬ್, ಅಂದರೆ ಡಾಕಿನ್ಸಿಯಾ ಫಿಲಮೆಂಟೋಸಾ ಇರಬೇಕು. ಇದು ಪಶ್ಚಿಮ ಘಟ್ಟದ ಹೊಳೆಗಳ ಮೀನು, ನಮ್ಮ ನಾಡಿನದೇ ಎಂಬುದು ಸಂತೋಷದ ಸಂಗತಿ. ಮರಿಯಾಗಿದ್ದಾಗ ಕಾಣುವ ಮೂರು ಪಟ್ಟೆಗಳು ಬೆಳೆದಂತೆ ಅಳಿದು, ಬಾಲದ ಬುಡಕ್ಕೆ ತುಸು ಮುಂದೆ ಉದ್ದನೆಯ ಕಪ್ಪು ಮಚ್ಚೆ ಉಳಿಯುವುದು ಇದರ ಸಹಜ ಲಕ್ಷಣ. ಮೀನು ಎಂದಿನಂತೆ ತಿನ್ನುತ್ತಾ, ಈಜುರೆಕ್ಕೆಗಳನ್ನು ಹರಡಿಕೊಂಡು ಓಡಾಡುತ್ತಿದ್ದರೆ ಔಷಧ ಹಾಕಬೇಡಿ. ಗಂಡುಗಳು ಪ್ರಾಯಕ್ಕೆ ಬಂದಾಗ ಬೆನ್ನಿನ ಈಜುರೆಕ್ಕೆಯಿಂದ ನೂಲಿನಂಥ ಎಳೆಗಳು ಹೊರಡುತ್ತವೆ. ಆಗ ಗುರುತು ಇನ್ನಷ್ಟು ಖಚಿತವಾಗುತ್ತದೆ. ಆದರೆ ಇದೇ ಕುಲದ ಅರೂಲಿಯಸ್ ಬಾರ್ಬ್‌ನ ಮರಿಗಳೂ ಹೀಗೆಯೇ ಕಾಣುವುದರಿಂದ ಕಾಯ್ದು ನೋಡುವುದು ಒಳ್ಳೆಯದು. ಅದು ಕಾವೇರಿ ಕಣಿವೆಯ ಮೀನು, ಬೆಳೆದ ಮೇಲೂ ಅದರ ಕಪ್ಪು ಗುರುತುಗಳು ಉಳಿಯುತ್ತವೆ.

ಬಣ್ಣವೊಂದನ್ನೇ ನಂಬಿ ಜಾತಿಯನ್ನು ನಿರ್ಧರಿಸಬಾರದೆಂದು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ವಯಸ್ಸು, ಬೆಳಕು ಮತ್ತು ಗಾಬರಿಗೆ ತಕ್ಕಂತೆ ಬಣ್ಣ ಬದಲಾಗುತ್ತದೆ. ಬೆನ್ನಿನ ಈಜುರೆಕ್ಕೆಗೂ ಬಾಲಕ್ಕೂ ನಡುವೆ ಪುಟ್ಟದೊಂದು ಮಾಂಸಲ ರೆಕ್ಕೆ ಸಾಮಾನ್ಯವಾಗಿ ಟೆಟ್ರಾಗಳಲ್ಲಿ ಇರುತ್ತದೆ, ಬಾರ್ಬ್‌ಗಳಲ್ಲಿ ಇರುವುದಿಲ್ಲ. ನಿಮ್ಮ ನಿಯಾನ್‌ಗಳನ್ನೂ ಒಮ್ಮೆ ನೋಡಿ: ಮೈಮೇಲಿನ ಕೆಂಪು ಬಣ್ಣ ಹೊಟ್ಟೆಯ ನಡುವಿನಿಂದ ಆರಂಭವಾದರೆ ಅದು ನಿಯಾನ್, ತಲೆಯ ಬಳಿಯಿಂದಲೇ ಹರಿದರೆ ಕಾರ್ಡಿನಲ್ ಟೆಟ್ರಾ.

ಅಂಟಿಕೊಳ್ಳುವ ಮೀನು ಚೈನೀಸ್ ಆಲ್ಗೆ ಈಟರ್ ಆಗಿರುವ ಸಾಧ್ಯತೆ ಹೆಚ್ಚು. ಅದರ ಬಾಯಿ ಕೆಳಮುಖವಾಗಿ ಹೀರುವಂತಿರುತ್ತದೆ. ಕಿವಿರಿನ ಮುಚ್ಚಳದ ಮೇಲ್ಭಾಗದ ಇನ್ನೊಂದು ರಂಧ್ರದಿಂದ ನೀರನ್ನು ಎಳೆದುಕೊಳ್ಳುವುದರಿಂದ ಅಂಟಿಕೊಂಡೇ ಉಸಿರಾಡಬಲ್ಲದು. ಇದರೊಡನೆ ಗೊಂದಲವಾಗುವ ಸಯಾಮೀಸ್ ಆಲ್ಗೆ ಈಟರ್‌ನಲ್ಲಿ ಕಪ್ಪು ಗೆರೆ ಬಾಲದ ತುದಿಯವರೆಗೂ ಸಾಗುತ್ತದೆ. ಚೈನೀಸ್ ಮೀನು 25 ಸೆಂ.ಮೀ.ಗೂ ಹೆಚ್ಚು ಬೆಳೆಯಬಲ್ಲದು. ಬೆಳೆದಂತೆ ಪಾಚಿಯನ್ನು ಬಿಟ್ಟು ಬೇರೆ ಮೀನುಗಳ ಮೈಲೋಳೆಯನ್ನು ಕೆರೆಯತೊಡಗಿ ಗಾಯ ಮಾಡುತ್ತದೆ. ಆದ್ದರಿಂದ ಅದನ್ನು ಕೂಡಲೇ ಬೇರ್ಪಡಿಸಿ ಅಂಗಡಿಗೆ ಹಿಂದಿರುಗಿಸಿ. ಕುಕ್ಕರಹಳ್ಳಿ ಕೆರೆಗಾಗಲಿ ನಾಲೆಗಾಗಲಿ ಖಂಡಿತ ಬಿಡಬೇಡಿ.