ಭಕ್ತರೆಲ್ಲ ದಡ್ಡರೇ? – ಸಂಪಾದಕರ ಉತ್ತರ

ಪತ್ರದ ಸಾರ: ವೈಜ್ಞಾನಿಕ ಕಥೆಯ ಟಿವಿ ಸರಣಿಗಳಲ್ಲಿ ದೇವರನ್ನು ನಂಬುವವನು ಒಂದೋ ದಡ್ಡ, ಇಲ್ಲವೇ ಮತಾಂಧ. ‘ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ’ದವರು ಗಾಯತ್ರಿ ಮಂತ್ರವನ್ನೂ ಅಲಂಕಾರಕ್ಕೆ ಬಳಸಿಕೊಂಡರು. ಇದಕ್ಕೆ ಏನು ಹೇಳುತ್ತೀರಿ?

ಹಳೆಯ ‘ಸ್ಟಾರ್ ಟ್ರೆಕ್’ ಮಟ್ಟಿಗೆ ನಿಮ್ಮ ದೂರು ಬಹುಪಾಲು ಸರಿ. ಅದನ್ನು ಹುಟ್ಟುಹಾಕಿದ ಜೀನ್ ರಾಡೆನ್‌ಬೆರಿಗೆ ಮಠ-ಚರ್ಚುಗಳ ಧರ್ಮ ಒಗ್ಗುತ್ತಿರಲಿಲ್ಲ. 1967ರ ಕಂತೊಂದರಲ್ಲಿ ಗ್ರೀಕರ ಅಪೊಲೊ ಬರೀ ಅನ್ಯಗ್ರಹದವನಾಗಿಬಿಡುತ್ತಾನೆ. 1989ರ ‘ಹೂ ವಾಚಸ್ ದ ವಾಚರ್ಸ್’ ಕಂತಿನಲ್ಲಿ ಮಿಂಟಾಕಾ ಗ್ರಹದ ಜನ ಬಾಹ್ಯಾಕಾಶ ನೌಕೆಯ ಕ್ಯಾಪ್ಟನ್ ಪಿಕಾರ್ಡ್‌ನನ್ನೇ ದೇವರೆಂದು ತಿಳಿಯುತ್ತಾರೆ, ತಾನೂ ಸಾಯುವವನೇ ಎಂದು ತೋರಿಸಲು ಆತ ಬಾಣದ ಪೆಟ್ಟು ತಿನ್ನಬೇಕಾಗುತ್ತದೆ. ಭಕ್ತಿ ಅಂದರೆ ಗುರುತು ತಪ್ಪಿದ್ದು, ಅಷ್ಟೇ. ವಿವರಣೆ ಸಿಕ್ಕಿತೋ, ಭಕ್ತಿಯೂ ಮುಗಿಯಿತು.

1993ರಲ್ಲಿ ಶುರುವಾದ ಅದೇ ‘ಸ್ಟಾರ್ ಟ್ರೆಕ್’ ಬಳಗದ ‘ಡೀಪ್ ಸ್ಪೇಸ್ ನೈನ್’ ಈ ಗಂಟನ್ನು ಬೇರೆ ರೀತಿ ಬಿಚ್ಚಿತು. ವರ್ಮ್‌ಹೋಲ್‌ನೊಳಗೆ, ಅಂದರೆ ಬಾಹ್ಯಾಕಾಶದ ಎರಡು ದೂರದ ತಾಣಗಳನ್ನು ಬೆಸೆಯುವ ಸುರಂಗದೊಳಗೆ, ಜೀವಿಗಳಿರುವುದು ನಿಜ. ಗ್ರಹಗಳ ಒಕ್ಕೂಟವಾದ ಫೆಡರೇಷನ್ನಿಗೆ ಅವು ಅನ್ಯಜೀವಿಗಳು, ಬಜೋರ್ ಗ್ರಹದವರಿಗೆ ಪ್ರವಾದಿಗಳು. ಅವಕ್ಕೆ ನಿನ್ನೆ-ನಾಳೆಗಳ ಭೇದವಿಲ್ಲ. ನಾಳೆಯನ್ನು ನಿನ್ನೆಯಂತೆ ಕಾಣಬಲ್ಲವರನ್ನು ಪ್ರವಾದಿ ಎಂದರೆ ತಪ್ಪೇನು? ಮೊದಲ ಸೀಸನ್ನಿನ ಕೊನೆಯ ಕಂತಿನಲ್ಲಿ ಬಾಹ್ಯಾಕಾಶ ನಿಲ್ದಾಣದ ಕಮಾಂಡರ್ ಸಿಸ್ಕೊ ಮಗನಿಗೆ ಹೇಳುವುದರ ತಾತ್ಪರ್ಯ ಇದೇ. ಅದೇ ಕಂತಿನಲ್ಲಿ ಶಾಲೆಯ ಪಾಠದ ಬಗ್ಗೆ ತಕರಾರು ಎತ್ತುವ ಬಜೋರ್ ಧರ್ಮಗುರು ವೆಡೆಕ್ ವಿನ್‌ಗೆ ನಿಜವಾಗಿ ಬೇಕಿರುವುದು ಗುರುಪೀಠ. ಅತ್ತ ಬಜೋರ್ ಸೇನಾಧಿಕಾರಿ ಮೇಜರ್ ಕೀರಾಳ ನಂಬಿಕೆಯಲ್ಲಿ ಖೋಟಾ ಇಲ್ಲ. ಕಿವಿಯ ಆಭರಣ, ಕಿವಿಹಾಲೆ ಹಿಡಿದು ಆತ್ಮಶಕ್ತಿ ನೋಡುವ ಪದ್ಧತಿ, ಪೀಠಕ್ಕಾಗಿ ನಡೆಯುವ ಚುನಾವಣೆಯ ಒಳರಾಜಕೀಯ: ಬಜೋರ್‌ನ ಧರ್ಮ ಬದುಕಿದ್ದು ಇಂಥ ವಿವರಗಳಿಂದ. ಕೆಟ್ಟದ್ದು ದೇವರ ಕೈಗೆ ಆಯುಧ ಕೊಟ್ಟಾಗ. 1997ರಲ್ಲಿ 2800 ಶತ್ರುನೌಕೆಗಳನ್ನು ಪ್ರವಾದಿಗಳು ಮಾಯ ಮಾಡಿದ್ದನ್ನು ಕ್ಷಮಿಸೋಣ, ಅದರ ಬೆಲೆಯನ್ನು ಸಿಸ್ಕೊ 1999ರ ಕೊನೆಯ ಕಂತಿನಲ್ಲಿ ತೆರುತ್ತಾನೆ. ಆದರೆ ‘ದ ರೆಕನಿಂಗ್’ ಕಂತಿನಲ್ಲಿ ಪ್ರವಾದಿಯೂ ದುಷ್ಟಶಕ್ತಿಯೂ ಎದುರುಬದುರು ನಿಂತು ಬೆಳಕಿನ ಯುದ್ಧ ಹೂಡುತ್ತಾರೆ. ಪೌರಾಣಿಕ ಸಿನಿಮಾದ ಬಾಣಗಳು ಆಕಾಶದಲ್ಲಿ ಡಿಕ್ಕಿ ಹೊಡೆಯುವುದನ್ನು ನೋಡಿ ಬೆಳೆದ ನಮಗೆ ಇದರಲ್ಲಿ ಹೊಸದೇನೂ ಇಲ್ಲ.

ಇನ್ನು ಗಾಯತ್ರಿ. ಋಗ್ವೇದದ 3.62.10ನೇ ಮಂತ್ರ ‘ಗ್ಯಾಲಕ್ಟಿಕಾ’ದ ಶೀರ್ಷಿಕೆ ಸಂಗೀತದಲ್ಲಿದೆ, ನಿಜ. ಆದರೆ ಕಥೆಯ ಮನುಷ್ಯರು ಪೂಜಿಸುವುದು ಜ್ಯೂಸ್, ಅಥೀನಾ ಮುಂತಾದ ಕೋಬೋಲ್ ದೇವತೆಗಳನ್ನು. ಸವಿತೃವಿಗೆ ಅಲ್ಲಿ ಕೆಲಸವಿಲ್ಲ. ಅಲಂಕಾರ ಎಂಬ ನಿಮ್ಮ ಮಾತನ್ನು ಒಪ್ಪಿದೆ. ಸರಣಿಯ ನಿಜವಾದ ಧೈರ್ಯ ಬೇರೆಡೆ ಇದೆ: ಅಲ್ಲಿ ಮನುಷ್ಯರು ಬಹುದೇವತಾರಾಧಕರು, ಅವರನ್ನು ಕೊಲ್ಲಲು ಬಂದ ಯಂತ್ರಗಳು ಏಕದೇವನ ಭಕ್ತರು. 2009ರ ಮುಕ್ತಾಯಕ್ಕೆ ಬೈಗುಳ ಬಿದ್ದದ್ದು ದೇವರು ಬಂದನೆಂದಲ್ಲ. ಸತ್ತು ಮರಳಿದ ಪೈಲಟ್ ಸ್ಟಾರ್‌ಬಕ್ ಬಯಲಿನಲ್ಲಿ ಕಣ್ಣೆದುರೇ ಇಲ್ಲವಾಗುವುದೂ ಸೇರಿ, ಬಗೆಹರಿಯದ ಲೆಕ್ಕವನ್ನೆಲ್ಲ ದೇವರ ಖಾತೆಗೆ ಬರೆದರೆಂದು.

ಒಂದೇ ಕಂತು ನೋಡಲು ಪುರಸೊತ್ತಿದ್ದರೆ ‘ಬ್ಯಾಬಿಲಾನ್ 5’ರ ‘ಬಿಲೀವರ್ಸ್’ (1994) ನೋಡಿ. ಬರೆದವರು ಡೇವಿಡ್ ಜೆರಾಲ್ಡ್. ಸರಣಿಯ ಕರ್ತೃ ಸ್ಟ್ರಾಜಿನ್‌ಸ್ಕಿ ಸ್ವತಃ ನಾಸ್ತಿಕ. (ಕೊನೆ ಗೊತ್ತಾಗುವುದು ಬೇಡವೆಂದಿದ್ದರೆ ಇಲ್ಲಿಗೇ ಓದು ನಿಲ್ಲಿಸಿ.) ಸಾಮಾನ್ಯ ಶಸ್ತ್ರಚಿಕಿತ್ಸೆಯಿಂದ ಉಳಿಯಬಹುದಾದ ಹುಡುಗ. ದೇಹ ಕೊಯ್ದರೆ ಆತ್ಮ ಹಾರಿಹೋಗುತ್ತದೆಂದು ನಂಬಿರುವ ಹೆತ್ತವರು. ಬಾಹ್ಯಾಕಾಶ ನಿಲ್ದಾಣದ ಕಮಾಂಡರ್ ಶಸ್ತ್ರಚಿಕಿತ್ಸೆಗೆ ಅನುಮತಿ ಕೊಡುವುದಿಲ್ಲ. ಡಾಕ್ಟರ್ ಫ್ರಾಂಕ್ಲಿನ್ ಆಜ್ಞೆ ಮೀರಿ ಕೊಯ್ಯುತ್ತಾರೆ, ಹುಡುಗ ಚೇತರಿಸಿಕೊಳ್ಳುತ್ತಾನೆ. ಹೆತ್ತವರ ಕಣ್ಣಿಗೆ ಅದು ಮಗನಲ್ಲ, ಖಾಲಿ ಚಿಪ್ಪು. ಡಾಕ್ಟರಿಗೆ ಅನುಮಾನ ಬಂದು ಓಡಿಬರುವಷ್ಟರಲ್ಲಿ ಪ್ರಯಾಣದ ನಿಲುವಂಗಿ ತೊಡಿಸಿ, ವಿಧಿಪೂರ್ವಕವಾಗಿ ಅವನ ಪ್ರಾಣ ತೆಗೆದಿರುತ್ತಾರೆ. ಅವರು ದಡ್ಡರಂತೆ ಕಾಣುವುದಿಲ್ಲ, ಮತಾಂಧರಂತೆಯೂ ಅಲ್ಲ. ಮಗನನ್ನು ಕಳೆದುಕೊಂಡವರಂತೆ ಕಾಣುತ್ತಾರೆ.