ಮೋಲ್ಡ್ ಹಾಕುವ ಹಿಂದಿನ ದಿನ

ಮನೆ ಕಟ್ಟುವವರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: 30x40 ಸೈಟಿನಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಕಂಬಿ ಕಟ್ಟುವ ಕೆಲಸ ಶನಿವಾರ ಸಂಜೆ ಮುಗಿಯುತ್ತದೆ, ಭಾನುವಾರ ಬೆಳಿಗ್ಗೆ ಮೋಲ್ಡ್ (ಚಾವಣಿಗೆ ಕಾಂಕ್ರೀಟ್ ಹಾಕುವುದು). ಎಂಜಿನಿಯರ್ ಆವತ್ತೇ ಬಂದು ನೋಡುತ್ತಾರಂತೆ. ಸಾಕೆ? ನಾವಾಗಿ ಏನು ನೋಡಿಕೊಳ್ಳಬಹುದು?
(ತುಮಕೂರಿನ ಓದುಗರು)

ಉತ್ತರ: ಸಾಲದು. ಕಾಂಕ್ರೀಟ್ ಕಲಸುವ ಮಿಲ್ಲರ್ ಶುರುವಾಗಿ ಆಳುಗಳು ಬಾಂಡ್ಲಿ ಹಿಡಿದು ನಿಂತ ಮೇಲೆ ತಪ್ಪು ಕಣ್ಣಿಗೆ ಬಿದ್ದರೂ ‘ಇಲ್ಲೊಂದು ಕಂಬಿ ಸೇರಿಸಿ’ ಎನ್ನುವುದರಲ್ಲೇ ಮುಗಿಯುತ್ತದೆ. ರೆಡಿಮಿಕ್ಸ್ ಆದರಂತೂ ಲಾರಿ ಕಾಯುವುದಿಲ್ಲ. ಮೋಲ್ಡನ್ನು ಸೋಮವಾರಕ್ಕೆ ಇಟ್ಟುಕೊಂಡು ಭಾನುವಾರ ಹಗಲಿಡೀ ಪರಿಶೀಲನೆಗೆ ಬಿಡಿ. ನಕ್ಷೆ ಮಂಜೂರು ಮಾಡಿದ ಕಚೇರಿಯಿಂದ ಸಾಮಾನ್ಯ ಮನೆಗಳ ಕಂಬಿ ಎಣಿಸಲು ಯಾರಾದರೂ ಬರುತ್ತಾರೆಂದು ಕಾಯಬೇಡಿ.

ಮೊದಲು ಕೆಳಗಿನಿಂದ ಸೆಂಟ್ರಿಂಗ್, ಅಂದರೆ ಹಸಿ ಕಾಂಕ್ರೀಟನ್ನು ಹೊರುವ ಶೀಟು-ಕಂಬಗಳ ಆಸರೆ, ನೋಡಿ. 5 ಇಂಚು ದಪ್ಪದ ಹಸಿ ಕಾಂಕ್ರೀಟ್ ಚದರಡಿಗೆ ಸುಮಾರು 29 ಕೆ.ಜಿ. ತೂಗುತ್ತದೆ. 1,000 ಚದರಡಿಗೆ 29 ಟನ್, ಅದರ ಮೇಲೆ ಓಡಾಡುವ ಜನ ಬೇರೆ. ಹೊಸದಾಗಿ ತುಂಬಿದ ಮಣ್ಣಿನ ಮೇಲೆ ನೇರವಾಗಿ ಊರಿದ ಜಾಕಿ ಅಥವಾ ನೀಲಗಿರಿ ಕಂಬ, ಮೇಲಿಂದ ನೀರು ಸೋರಿ ಮಣ್ಣು ಮೆತ್ತಗಾಗುತ್ತಲೇ ಕುಸಿಯುತ್ತದೆ. ಪ್ರತಿ ಕಂಬದ ಬುಡಕ್ಕೂ ಹಲಗೆ ಇರಬೇಕು. ಎತ್ತರ ಸಾಲದೆಂದು ಇಟ್ಟಿಗೆ ಪೇರಿಸಿದ್ದರೆ ತೆಗೆಸಿ. ಶೀಟುಗಳ ಸಂದಿನಲ್ಲಿ ಬೆಳಕು ಕಂಡರೆ ಅಲ್ಲಿ ಸಿಮೆಂಟ್ ಹಾಲು ಸೋರಿ ಬರೀ ಜೆಲ್ಲಿ ಉಳಿಯುತ್ತದೆ ಎಂದೇ ಅರ್ಥ. ಟೇಪ್ ಹಚ್ಚಿಸಿ.

ಆಮೇಲೆ ಸ್ಟ್ರಕ್ಚರಲ್ ಡ್ರಾಯಿಂಗ್ ಕೈಯಲ್ಲಿ ಹಿಡಿದು ಮೇಲೆ ಹತ್ತಿ. ಕಂಬಿಯ ಅಂತರವನ್ನು ಒಂದೊಂದಾಗಿ ಅಳೆಯುತ್ತಾ ಕೂರಬೇಡಿ. 150 ಮಿ.ಮೀ. ಅಂತರವೆಂದು ಬರೆದಿದ್ದರೆ ಹತ್ತು ಅಂತರ ಸೇರಿ ಒಂದೂವರೆ ಮೀಟರ್ ಬರಬೇಕು. ಅದಕ್ಕಿಂತ ಜಾಸ್ತಿ ಬಂದರೆ ಕಂಬಿ ಉಳಿಸಿದ್ದಾರೆ. ಉದ್ದದ ಕೋಣೆಯಲ್ಲಿ ಮುಖ್ಯ ಕಂಬಿ ಗಿಡ್ಡ ಅಳತೆಯ ದಿಕ್ಕಿಗೆ, ಎಲ್ಲಕ್ಕಿಂತ ಕೆಳಗೆ ಇರುತ್ತದೆ. ಇದು ತಿರುವುಮುರುವಾಗುವುದು ಅಪರೂಪವೇನಲ್ಲ. ಕಂಬಿ ಶೀಟಿಗೆ ತಾಗದಂತೆ ಇಡುವ ಕವರ್ ಬ್ಲಾಕ್ ಸ್ಲ್ಯಾಬಿಗೆ 20, ಭೀಮಿಗೆ 25, ಕಾಲಂಗೆ 40 ಮಿ.ಮೀ. ಜೆಲ್ಲಿ ಕಲ್ಲು, ಟೈಲ್ ಚೂರು ಇಟ್ಟರೆ ವೈಬ್ರೇಟರ್ ಇಳಿಸುತ್ತಲೇ ಜಾರಿ ಕಂಬಿ ಶೀಟಿಗೆ ಕೂರುತ್ತದೆ. ಕೆಲವು ವರ್ಷಗಳಲ್ಲಿ ಚಾವಣಿಯ ಸಿಮೆಂಟ್ ಉದುರಿ ತುಕ್ಕು ಹಿಡಿದ ಕಂಬಿ ಕಾಣುವ ಮನೆಗಳಲ್ಲಿ ಬಹುಪಾಲು ಇದೇ ಕಾರಣ.

ಕಂಬಿಯ ಜೋಡಣೆ, ಅಂದರೆ ಲ್ಯಾಪಿಂಗ್, ತಪ್ಪದೆ ಅಳೆಯಿರಿ. ಎಂ20 ದರ್ಜೆಯ ಕಾಂಕ್ರೀಟು, ಎಫ್‌ಇ 500 ದರ್ಜೆಯ ಕಂಬಿಗೆ ಐಎಸ್ 456ರ (ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ) ಲೆಕ್ಕದಲ್ಲಿ ಎಳೆತದ ಭಾಗದಲ್ಲಿ ಕಂಬಿಯ ದಪ್ಪದ 57 ಪಟ್ಟು ಬೇಕು: 12 ಎಂ.ಎಂ.ಗೆ ಸುಮಾರು 68 ಸೆಂ.ಮೀ., 16 ಎಂ.ಎಂ.ಗೆ 91 ಸೆಂ.ಮೀ. ‘ಒಂದೂವರೆ ಅಡಿ ಬಿಟ್ಟಿದ್ದೀವಿ ಸಾರ್’ ಎಂಬ ಬಾರ್ ಬೆಂಡರ್ ಮಾತಿಗೆ ತಲೆಯಾಡಿಸಬೇಡಿ. ಭೀಮಿನ ತಳದ ಕಂಬಿಯನ್ನು ನಟ್ಟನಡುವೆ ಜೋಡಿಸಬಾರದು, ಮೇಲಿನ ಕಂಬಿಯನ್ನು ಕಾಲಂ ಹತ್ತಿರ ಜೋಡಿಸಬಾರದು. ಎಲ್ಲ ಜೋಡಣೆಯೂ ಒಂದೇ ಕಡೆ ಬರಬಾರದು.

ಉದ್ದ ಕಂಬಿಗಳನ್ನು ಸುತ್ತುವ ರಿಂಗುಗಳ ಕೊಕ್ಕೆ 135 ಡಿಗ್ರಿ ಬಾಗಿ ಒಳಗಿನ ಕಾಂಕ್ರೀಟಿಗೆ ಹೋಗಬೇಕು. ಸಾಮಾನ್ಯವಾಗಿ ತಪ್ಪುವ ಜಾಗ ಕಾಲಂ-ಭೀಮು ಕೂಡುವ ಗಂಟು. ಭೀಮಿನ ಕಂಬಿ ನಾಲ್ಕು ಕಡೆಯಿಂದ ಒಳಹೊಕ್ಕ ಮೇಲೆ ಅಲ್ಲಿ ಕಾಲಂ ರಿಂಗು ಕಟ್ಟಲು ಕೈ ಹೋಗುವುದಿಲ್ಲ, ಹಾಗಾಗಿ ಬಿಟ್ಟೇಬಿಡುತ್ತಾರೆ. ಟಾರ್ಚ್ ಹಾಕಿ ಪ್ರತಿ ಗಂಟಿನೊಳಗೂ ಎಣಿಸಿ. ಭೀಮಿನ ಕಂಬಿ ಇಳಿಸುವ ಮೊದಲೇ ರಿಂಗುಗಳನ್ನು ಕಾಲಂಗೆ ತೊಡಿಸಿಟ್ಟರೆ ಈ ತಾಪತ್ರಯವೇ ಇಲ್ಲ.

ಎಲೆಕ್ಟ್ರಿಷಿಯನ್ ಪೈಪ್ ಎಳೆದು ಹೋದ ಮೇಲೆ ಇನ್ನೊಂದು ಸುತ್ತು ಹಾಕಿ. ನಾಲ್ಕೈದು ಪೈಪು ಒಟ್ಟಿಗೆ ಕಟ್ಟಿದ್ದರೆ ಬಿಡಿಸಿ. ದಾರಿಗೆ ಅಡ್ಡ ಎಂದು ಕತ್ತರಿಸಿದ ರಿಂಗು ಸಿಕ್ಕೀತು.

ಪ್ರಶ್ನೆ: ನಾಲ್ಕಡಿ ಬಾಲ್ಕನಿ ಹೊರಚಾಚಿದೆ. ಕಂಬಿಯ ಮೇಲೆ ಆಳುಗಳು ಓಡಾಡಿ ಅದು ಕೆಳಗೆ ತಗ್ಗಿದೆ. ಮೇಸ್ತ್ರಿ ‘ಕಾಂಕ್ರೀಟ್ ಹಾಕುವಾಗ ಎತ್ತಿಕೊಳ್ತೀವಿ’ ಎನ್ನುತ್ತಾರೆ.
(ದಾವಣಗೆರೆಯ ಓದುಗರು)

ಉತ್ತರ: ಒಪ್ಪಬೇಡಿ. ಕೋಣೆಯ ಸ್ಲ್ಯಾಬಿನಲ್ಲಿ ಎಳೆತ ತಳಕ್ಕೆ ಬಂದರೆ ಬಾಲ್ಕನಿಯಲ್ಲಿ ಮೇಲ್ಭಾಗಕ್ಕೆ ಬರುತ್ತದೆ. ಮುಖ್ಯ ಕಂಬಿ ಮೇಲೇ ಇರಬೇಕು. 5 ಇಂಚಿನ ಬಾಲ್ಕನಿಯಲ್ಲಿ 10 ಎಂ.ಎಂ. ಕಂಬಿ ಸರಿಯಾಗಿ ಕೂತಿದ್ದರೆ ಅದರ ನಡುವಿನಿಂದ ತಳಕ್ಕೆ ಸುಮಾರು 100 ಮಿ.ಮೀ. ಸಿಗುತ್ತದೆ. 40 ಮಿ.ಮೀ. ತಗ್ಗಿದರೆ ಉಳಿಯುವುದು 60, ಬಾಲ್ಕನಿಯ ತಾಕತ್ತಿನಲ್ಲೂ ಹೆಚ್ಚುಕಡಿಮೆ ನೂರಕ್ಕೆ 40 ಪಾಲು ಹೋಯಿತು. ಕಂಬಿ ತಳ ಸೇರಿದರಂತೂ ಸೆಂಟ್ರಿಂಗ್ ಬಿಚ್ಚಿದ ದಿನವೇ ಬಾಲ್ಕನಿ ಬೀಳಬಹುದು. ಮೀಟರಿಗೊಂದರಂತೆ ಚೇರ್ ಕಂಬಿ (ಮೇಲಿನ ಕಂಬಿಯನ್ನು ಎತ್ತಿ ಹಿಡಿಯುವ ಬಾಗಿಸಿದ ಕಂಬಿ) ಕೊಟ್ಟು ಮೇಲೆತ್ತಿಸಿ, ಓಡಾಡಲು ಹಲಗೆ ಹಾಸಿಸಿ. ಆ ಕಂಬಿ ಒಳಗಿನ ಸ್ಲ್ಯಾಬಿನೊಳಕ್ಕೆ ಎಷ್ಟು ದೂರ ಹೋಗಿದೆ ಎಂಬುದನ್ನೂ ಡ್ರಾಯಿಂಗ್ ನೋಡಿ ಅಳೆಯಿರಿ.

ಪ್ರಶ್ನೆ: ಮಗಳು ಅಮೆರಿಕದ ಟೆಕ್ಸಸ್‌ನಲ್ಲಿ ಹೊಸ ಮನೆ ಬುಕ್ ಮಾಡಿದ್ದಾಳೆ. ಎಲ್ಲ ಮರದ ಚೌಕಟ್ಟು. ‘ಸಿಟಿಯವರೇ ಫ್ರೇಮಿಂಗ್ ಇನ್‌ಸ್ಪೆಕ್ಷನ್ ಮಾಡ್ತಾರೆ, ಬೇರೆಯವರು ಯಾಕೆ’ ಎನ್ನುತ್ತಿದ್ದಾರಂತೆ ಬಿಲ್ಡರ್.
(ಮೈಸೂರಿನ ಓದುಗರು)

ಉತ್ತರ: ಸಿಟಿ ಇನ್‌ಸ್ಪೆಕ್ಟರ್ ನೋಡುವುದು ಕೋಡಿನ ಕನಿಷ್ಠ ಮಟ್ಟ, ಅದೂ ಸ್ವಲ್ಪ ಹೊತ್ತು. ನಲ್ಲಿ, ಕರೆಂಟ್, ಎ.ಸಿ. ಪೈಪುಗಳೆಲ್ಲ ಮುಗಿದು ಗೋಡೆ ಮುಚ್ಚುವ ಮುಂಚೆ ತಾನೇ ಒಬ್ಬ ಖಾಸಗಿ ಇನ್‌ಸ್ಪೆಕ್ಟರನ್ನು ಕರೆಸಲಿ. ಅದಕ್ಕೆ ಅವಕಾಶವಿದೆ ಎಂದು ಒಪ್ಪಂದಕ್ಕೆ ಸಹಿ ಹಾಕುವಾಗಲೇ ಬರೆಸಿಕೊಳ್ಳಲಿ. ಬಡಗಿ ಸರಿಯಾಗಿ ನಿಲ್ಲಿಸಿದ್ದನ್ನು ಆಮೇಲೆ ಬಂದ ಪ್ಲಂಬರ್ ಕೊರೆದು ಕೆಡಿಸುವುದೇ ಅಲ್ಲಿನ ದೊಡ್ಡ ಕಾಟ. ಭಾರ ಹೊರುವ ಗೋಡೆಯ ಸ್ಟಡ್ಡಿನ (ಗೋಡೆಯೊಳಗಿನ ನಿಲುವು ಮರ) ಅಗಲದಲ್ಲಿ ತೂತು ಶೇ 40, ಅಂಚಿನ ಕಚ್ಚು ಶೇ 25 ಮೀರುವಂತಿಲ್ಲ. ಮೂರೂವರೆ ಇಂಚಿನ ಸ್ಟಡ್ಡಿಗೆ ಒಂದೂಕಾಲು ಇಂಚಿಗಿಂತ ಸ್ವಲ್ಪ ದೊಡ್ಡ ತೂತೇ ಮಿತಿ. ಇಡೀ ಮರದಿಂದ ಕೊಯ್ದ ಜಾಯ್ಸ್ಟಿನ (ನೆಲ ಹೊರುವ ಅಡ್ಡತೊಲೆ) ತೂತು ಎತ್ತರದ ಮೂರನೇ ಒಂದು ಭಾಗ ಮೀರಬಾರದು, ಉದ್ದದ ನಡುವಿನ ಮೂರನೇ ಒಂದು ಭಾಗದಲ್ಲಿ ಕಚ್ಚು ಕೂಡದು. ಛಾವಣಿ ಹೊರುವ ಮರದ ಚೌಕಟ್ಟಾದ ಟ್ರಸ್ಸನ್ನು ಎಂಜಿನಿಯರ್ ಬರೆದುಕೊಡದೆ ಕತ್ತರಿಸುವಂತೆಯೇ ಇಲ್ಲ.

ಪ್ರಶ್ನೆ: ಮೋಲ್ಡ್ ಆಗಿ ಏಳು ದಿನಕ್ಕೆ ಸೆಂಟ್ರಿಂಗ್ ಬಿಚ್ಚಬಹುದೆ?
(ಹಾಸನದ ಓದುಗರು)

ಉತ್ತರ: ಓಪಿಸಿ (ಸಾಧಾರಣ ಪೋರ್ಟ್‌ಲ್ಯಾಂಡ್) ಸಿಮೆಂಟಾದರೆ ಆಸರೆಯಿಂದ ಆಸರೆಗೆ 4.5 ಮೀಟರ್ ಒಳಗಿನ ಸ್ಲ್ಯಾಬಿನ ಕಂಬಗಳನ್ನು 7 ದಿನಕ್ಕೆ, ಅದಕ್ಕಿಂತ ದೊಡ್ಡದಕ್ಕೆ 14 ದಿನಕ್ಕೆ ತೆಗೆಯಬಹುದು. 6 ಮೀಟರ್ ಒಳಗಿನ ಭೀಮಿಗೆ 14 ದಿನ, ಮೀರಿದರೆ 21. ಪಿಪಿಸಿ (ಪೊಝೊಲಾನಾ ಬೆರೆಸಿದ ಸಿಮೆಂಟ್) ಬಳಸಿದ್ದರೆ ಇನ್ನಷ್ಟು ದಿನ ಬೇಕು, ಯಾವ ಸಿಮೆಂಟೆಂದು ಮೂಟೆಯ ಮೇಲೆ ಓದಿ. ಬಾಲ್ಕನಿಯ ಕಂಬ ಬಿಚ್ಚುವಾಗ ಹೊರತುದಿಯಿಂದ ಶುರುಮಾಡಿ ಒಳಕ್ಕೆ ಬರಲಿ.